ಗೋಡೆಯ ಮೇಲಿಂದ ಹೇಳಿದ್ದು

ಕಾಕಾ ಊಟಕ್ಕೆ ಕೂತಾಗಲೂ ಬಲಗೈಯ ತೋರುಬೆರಳನ್ನು ಮೇಲೆತ್ತಿಯೇ ಇಟ್ಟಿರುತ್ತಿದ್ದರು. ಉಳಿದ ಬೆರಳುಗಳು ರೊಟ್ಟಿ ಮುರಿಯುತ್ತಿದ್ದವು, ಪಲ್ಯ ಬಳಿಯುತ್ತಿದ್ದವು. ಆ ಒಂದು ಬೆರಳು ಮಾತ್ರ ಯಾರದೋ ತಪ್ಪು ತೋರಿಸಲು ತಯಾರಾಗಿ ನೆಟ್ಟಗೆ ನಿಂತಿರುತ್ತಿತ್ತು. ಅದರ ಉಗುರು ಕಂದು ಬಣ್ಣಕ್ಕೆ ತಿರುಗಿತ್ತು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಅವರು ಕೆಮಿಸ್ಟ್. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅವರ ಅಂಗಿಯಿಂದ, ಸ್ಕೂಟರಿನಿಂದ, ಅವರು ಓದಿ ಕೊಟ್ಟ ಪೇಪರಿನಿಂದ ಕೂಡ ಕಾಕಂಬಿಯ ವಾಸನೆ ಬರುತ್ತಿತ್ತು. ಅಷ್ಟು ಸಿಹಿಯ ನಡುವೆ ಬದುಕಿದ ಮನುಷ್ಯ ಒಂದು ಸಿಹಿ ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ.

ಬನಹಟ್ಟಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅವರದು ಜಮಖಂಡಿಯಿಂದ ಬಂದು ನೆಲೆಸಿದ, ಮನೆಯೊಳಗೆ ಮರಾಠಿ ಮಾತಾಡುವ ಕುಟುಂಬ, ನಾವು ಮಗ್ಗದವರು. ಸಂಬಂಧವೇನೂ ಇರಲಿಲ್ಲ. ಓಣಿಯೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಅಂದೆ. ಅವರ ಹೆಂಡತಿ ಕಾಕು. ಬರೆಯುವುದಾದರೆ ಕಾಕು ಬಗ್ಗೆ ಬರೆಯಬೇಕಿತ್ತು, ಬರೀ ಒಳ್ಳೆಯದನ್ನೇ ಬರೆಯಬಹುದಿತ್ತು. ಆದರೆ ಋಣ ಉಳಿದಿರುವುದು ಕಾಕಾನದು, ಏನು ಮಾಡುವುದು.

ಕಾರ್ಖಾನೆಯಿಂದ ಬಂದ ಮೇಲೆ ಕಾಕಾ ಮಾಡುತ್ತಿದ್ದ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಪ್ಯೂಟರ್ ನಡೆಸಲು ಬೇಕಾದ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಅದರೊಳಗಿನ ಸಾವಿರಾರು ಪ್ರೋಗ್ರಾಮುಗಳನ್ನು ಎಲ್ಲೆಲ್ಲೋ ಯಾರ್ಯಾರೋ ಬರೆದಿರುತ್ತಾರೆ. ಅವನ್ನು ತಂದು, ಹೊಂದಿಸಿ, ಪ್ಯಾಕೇಜು ಮಾಡಿ, ಕೆಟ್ಟಾಗ ರಿಪೇರಿ ಮಾಡುತ್ತ ನೋಡಿಕೊಳ್ಳುವವರು ದೇಶದೇಶಗಳಲ್ಲಿ ಹಂಚಿಹೋದ ಸ್ವಯಂಸೇವಕರು. ಪಗಾರವಿಲ್ಲ, ಸನ್ಮಾನವಿಲ್ಲ. ಒಬ್ಬೊಬ್ಬರ ಹೆಸರಿಗೆ ಕೆಲವು ಪ್ಯಾಕೇಜುಗಳು, ಅವುಗಳ ಹೊಣೆ ಅವರದೇ. ಕಾಕಾನ ಹೆಸರಿಗೂ ಅಂಥವು ಕೆಲವಿದ್ದವು.

ಈ ಸ್ವಯಂಸೇವಕರನ್ನು ಸಾಧುಸಂತರೆಂಬಂತೆ ಹೊಗಳಿ ಬರೆಯುವವರಿದ್ದಾರೆ. ಅವರ ಮನೆಯ ಗೋಡೆಯಾಚೆ ಅಂಥವರೊಬ್ಬರು ಇರಲಿಲ್ಲ. ನಮ್ಮ ಮನೆಯ ಗೋಡೆಯಾಚೆ ಇದ್ದರು. ಇಂಥ ಜಗಳಗಂಟರನ್ನು ನಾನು ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನ ಮುಂದೆಯೂ ಕಂಡಿಲ್ಲ. ಒಮ್ಮೆ ಒಂದು ಪ್ರೋಗ್ರಾಮಿನ ಮೂಲೆಯಲ್ಲಿದ್ದ ಬೆರಳುಗುರಿನಷ್ಟು ಕಮಲದ ಚಿತ್ರಕ್ಕಾಗಿ ಅವರೆಲ್ಲ ಒಂದು ಮಳೆಗಾಲವಿಡೀ ಬಡಿದಾಡಿದರು. ಆ ಕಮಲ ಬಿಡಿಸಿದವರು ಯಾರು, ಹಂಚಲು ಅವರ ಒಪ್ಪಿಗೆ ಇದೆಯೇ, ಇದ್ದರೆ ಪುರಾವೆ ಎಲ್ಲಿ? ಪುರಾವೆ ಸಿಗಲಿಲ್ಲ. ಕಮಲ ಕಿತ್ತು ಹಾಕಿದರು. ಗೆದ್ದ ಪಕ್ಷದಲ್ಲಿ ಕಾಕಾ ಇದ್ದರು. ಆ ದಿನ ಅವರ ಮನೆಯಲ್ಲಿ ಶಿರಾ ಮಾಡಿಸಿದರು.

ಆ ಪ್ರೋಗ್ರಾಮು ನನ್ನ ಹೊಟ್ಟೆಪಾಡಿನದು. ಮುಧೋಳದ ಗಂಡನ ಮನೆ ಬಿಟ್ಟು ಬಂದ ಮೇಲೆ ನಾನು ನಮ್ಮ ಪಡಸಾಲೆಯಲ್ಲಿ ಸೀರೆಯ ದಡಿ, ಸೆರಗುಗಳ ಡಿಸೈನ್ ಮಾಡಿಕೊಡುವ ಅಂಗಡಿ ಇಟ್ಟೆ. ಮಗ್ಗದ ತಲೆಯ ಮೇಲೆ ಕೂರುವ ಜಕಾರ್ಡಿಗೆ ತೂತು ಹೊಡೆದ ಕಾರ್ಡುಗಳು ಬೇಕು. ತೂತು ಇದ್ದಂತೆ ನೂಲು ಎದ್ದು ಚಿತ್ರ ಮೂಡುತ್ತದೆ. ನಾನು ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಯಾವ ಕಾರ್ಡಿಗೆ ಎಲ್ಲಿ ತೂತು ಎಂದು ತೆಗೆದು ಕೊಡಬೇಕು. ಮೊದಲು ಎಲ್ಲರಂತೆ ಕದ್ದ ಸಾಫ್ಟ್‌ವೇರ್ ಬಳಸುತ್ತಿದ್ದೆ. ಅದು ವೈರಸ್ ಹತ್ತಿ ಸತ್ತಿತು. ಕರೆಯದಿದ್ದರೂ ಕಾಕಾ ಬಂದು ನಿಂತರು.

“ಕಳವಿನ ಮಾಲು ಇಟಗೊಂಡೀದಿ. ಮತ್ತೇನಾಗ್ತದ?” ಎಂದರು, ಬೆರಳೆತ್ತಿ.

ತಾವು ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರಲ್ಲಿ ಇದೇ ಕೆಲಸದ ಒಂದು ಸಣ್ಣ ಪ್ರೋಗ್ರಾಮು ತೋರಿಸಿದರು. ಯಾವುದೋ ದೇಶದ ಒಬ್ಬಾತ ಬರೆದು ಕೈಬಿಟ್ಟಿದ್ದನ್ನು ಕಾಕಾ ಹಿಡಿದುಕೊಂಡಿದ್ದರು. ಛಲೋ ಇತ್ತು. ಒಂದೆರಡು ವರ್ಷಗಳಲ್ಲಿ ನಮ್ಮ ಓಣಿಯ ಅರ್ಧ ಮಗ್ಗಗಳ ಡಿಸೈನುಗಳು ಅದರಲ್ಲೇ ಇದ್ದವು. ಅದು ನಿಂತರೆ ನಾನು ನಿಲ್ಲಬೇಕು, ಅಂಥ ಪರಿಸ್ಥಿತಿ.

ಅದು ನಿಲ್ಲುತ್ತಲೂ ಇತ್ತು. ಮೊದಲ ಸಲ ನಿಂತಾಗ ನಾನು ಗೋಡೆಯ ಹತ್ತಿರ ಹೋಗಿ ಕೂಗಿದೆ: “ಕಾಕಾ, ಪ್ರೋಗ್ರಾಮ್ ನಿಂತೈತ್ರಿ.”

ಕಾಕಾ ಆಚೆ ಹೊರಸಿನ ಮೇಲೆ ಚಹಾ ಕುಡಿಯುತ್ತಿದ್ದರು. “ನಿಂತದ ಅಂದ್ರೇನು? ಎಮ್ಮಿ ನಿಂತಂಗೋ, ಬಸ್ಸು ನಿಂತಂಗೋ? ನೀ ಏನು ಮಾಡಿದಿ, ಏನಾಗಬೇಕಿತ್ತು, ಏನಾತು. ಮೂರೂ ಬರದು ಕಳಸು.”

“ಇಲ್ಲೇ ಕುಂತೀರಲ್ರಿ ಕಾಕಾ, ಬಂದು ನೋಡ್ರಿ!”

“ಗ್ವಾಡಿ ಮ್ಯಾಲಿಂದ ಹೇಳಿದ್ದು ಲೆಕ್ಕಕ್ಕಿಲ್ಲ.”

ಮಗ್ಗದವರು ಬಾಗಿಲಲ್ಲಿ ನಿಂತಿರುವಾಗ ನಾನು ಕೂತು, ಬಂದಷ್ಟು ಇಂಗ್ಲಿಷಿನಲ್ಲಿ ದೂರು ಬರೆದು ಜಗತ್ತಿಗೆಲ್ಲ ಕಾಣುವ ಜಾಗಕ್ಕೆ ಕಳಿಸಿದೆ. ಗೋಡೆಯಾಚೆ ಅವರ ಕಂಪ್ಯೂಟರ್ ಟಿಂಗ್ ಎಂದಿದ್ದು ನನಗೇ ಕೇಳಿಸಿತು. ಕಾಕಾ ಚಹಾ ಮುಗಿಸಿದರು. ಬಾಯಿ ಮುಕ್ಕಳಿಸಿದರು. ಒಳಗೆ ಹೋಗಿ ಉತ್ತರ ಬರೆದರು. ಅದು ಸಮುದ್ರ ದಾಟಿ ಯಾವುದೋ ದೇಶದ ಯಂತ್ರ ಹೊಕ್ಕು ನನ್ನ ಪಡಸಾಲೆಗೆ ಬಂತು: ವಿವರ ಸಾಲದು. ಅಡುಗೆಮನೆಯಿಂದ ಕಾಕು, “ನಾಳೆ ನಾ ಸತ್ರೂ ಬರದು ಕಳಸು ಅಂತಾರ ನೋಡು ಇವರು,” ಎಂದು ನಕ್ಕಿದ್ದೂ ಕೇಳಿಸಿತು. ನನಗೆ ನಗು ಬರಲಿಲ್ಲ.

ಕಾಕಾನಿಂದ ನಾನು ಕಲಿತೆ, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಕಲಿಸಿದರು ಎನ್ನಲಾರೆ. ಬೈಸಿಕೊಳ್ಳುವುದು ಸಾಕಾಗಿ ಕಲಿತೆ. ದೂರು ಬರೆಯುವುದು ಕಲಿತೆ, ಆಮೇಲೆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇಣುಕಿ ತಿದ್ದುಪಡಿ ಮಾಡುವುದು ಕಲಿತೆ. ತಿದ್ದಿ ಕಳಿಸಿದರೆ ಕಾಕಾ ಸಾಲಿನ ತುದಿಗೆ ಒಂದು ಖಾಲಿ ಜಾಗ ಉಳಿದಿದೆಯೆಂದು ವಾಪಸು ಕಳಿಸುತ್ತಿದ್ದರು. ಕಣ್ಣಿಗೆ ಕಾಣದ ಜಾಗ! ಅದನ್ನು ತೆಗೆದು ಕಳಿಸಿದರೆ ಇನ್ನೊಂದು ತಪ್ಪು. ಮೊದಲೇ ಎರಡೂ ಹೇಳಬಾರದೇ ಎಂದರೆ, “ಎರಡನೇದು ಈಗ ಕಾಣಿಸ್ತು,” ಎನ್ನುತ್ತಿದ್ದರು. ಸುಳ್ಳು. ಮೊದಲೇ ಕಂಡಿರುತ್ತಿತ್ತು.

ಇನ್ನು ಈರಪ್ಪನ ಶಾಲುಗಳ ಕಥೆ. ಕಾಕಾನ ಬಗ್ಗೆ ಯಾರಾದರೂ ಭಕ್ತಿಯಿಂದ ಮಾತಾಡಿದಾಗ ನಾನು ಇದನ್ನೇ ಹೇಳುತ್ತೇನೆ.

ನಮ್ಮಲ್ಲಿ ಬಟ್ಟೆಯ ಮುಖ ಕೆಳಗೆ ಮಾಡಿ ನೇಯುತ್ತಾರೆ, ನೇಯುವವನಿಗೆ ಮೇಲೆ ಕಾಣುವುದು ಹಿಂಬದಿ. ಅದಕ್ಕಾಗಿ ಕಾರ್ಡಿನಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಆ ಪ್ರೋಗ್ರಾಮು ತಾನಾಗಿಯೇ ಚಿತ್ರ ತಿರುಗಿಸಿ ಕೊಡುತ್ತಿತ್ತು. ಯಾವುದೋ ಹಿಮದ ದೇಶದಲ್ಲಿ ಹವ್ಯಾಸಕ್ಕೆಂದು ಮನೆಯಲ್ಲಿ ಮುಖ ಮೇಲೆ ಮಾಡಿ ನೇಯುವ ಒಬ್ಬಾತ, ಚಿತ್ರ ತಿರುಗಿ ಬರುತ್ತದೆ, ಇದು ದೋಷ ಎಂದು ದೂರು ಬರೆದ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಎಲ್ಲ ಮುತ್ತಿನಂತೆ ಬರೆದಿದ್ದ. ಕಾಕಾ ಅದನ್ನು ಗೋಡೆಯ ಮೇಲಿಂದ ನನಗೆ ಓದಿ ಹೇಳಿ, “ನೋಡು, ಬರಿಯೂದು ಅಂದ್ರ ಹಿಂಗ,” ಎಂದರು.

“ಕಾಕಾ, ಅದು ತಿರುಗೇ ಇರಬೇಕ್ರಿ. ಇಲ್ಲೆಲ್ಲಾ ಮುಖ ಕೆಳಗ ಮಾಡಿ ನೇಯ್ತಾರ. ಮುಟ್ಟಬ್ಯಾಡ್ರಿ ಅದನ್ನ,” ಎಂದೆ.

“ಬರದು ಕಳಸು.”

ಆ ದಿನ ನನಗೆ ಬರೆಯುತ್ತ ಕೂರಲು ಪುರಸೊತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದು ಕನ್ನಡದ ಮಾತೇ ಆಗಿತ್ತು, ಕಾಕಾ ಕಿವುಡರೂ ಆಗಿರಲಿಲ್ಲ. ಮುತ್ತಿನಂತೆ ಬರೆದವನ ಮಾತು ನಡೆಯಿತು. ಕಾಕಾ ‘ದೋಷ’ ಸರಿಪಡಿಸಿದರು. ಹೊಸ ಆವೃತ್ತಿ ನನ್ನ ಕಂಪ್ಯೂಟರಿಗೆ ತಾನೇ ಬಂದು ಕೂತಿತು.

ಮೂರು ಓಣಿ ಆಚೆಯ ಈರಪ್ಪ ಆಗ ಒಂದು ಸಮಾರಂಭದ ಸನ್ಮಾನದ ಶಾಲುಗಳನ್ನು ಹಿಡಿದಿದ್ದ. ಅಂಚಿನಲ್ಲಿ ಅಕ್ಷರ ನೇಯಬೇಕಿತ್ತು. ಪ್ರೋಗ್ರಾಮು ಬದಲಾದದ್ದನ್ನು ಗಮನಿಸದೆ ನಾನೇ ಕಾರ್ಡುಗಳ ಲೆಕ್ಕ ತೆಗೆದು ಕೊಟ್ಟೆ. ಮಗ್ಗ ನಡೆಸುವ ಹೊಸ ಆಳಿಗೆ ಈ ಸಲ ಅಕ್ಷರ ನೆಟ್ಟಗೆ ಕಂಡವು; ಅವನು ಖುಷಿಯಿಂದ ಓದಿಕೊಳ್ಳುತ್ತ ನೇಯ್ದ. ಮಗ್ಗದಿಂದ ಕತ್ತರಿಸಿ ಮುಖ ಮೇಲೆ ಮಾಡಿದಾಗ ಒಂದಕ್ಷರವೂ ಓದುವಂತಿರಲಿಲ್ಲ. ಈರಪ್ಪ ಶಾಲುಗಳ ಗಂಟನ್ನು ತಂದು ನನ್ನ ಮೇಜಿನ ಮೇಲಿಟ್ಟು, “ತಂಗೀ, ಇದನ್ನ ಹೊದ್ದಾವ್ರು ಕನ್ನಡಿ ಹಿಡಕೊಂಡು ಅಡ್ಡಾಡಬೇಕವಾ,” ಎಂದ. ಸಿಟ್ಟಿಗಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಆವತ್ತು ನಾನು ಬರೆದು ಕಳಿಸಿದೆ. ಶಾಲಿನ ಫೋಟೋ ಸಮೇತ. ಕಾಕಾ ಅದೇ ಸಂಜೆ ತಿದ್ದಿದರು. ಅಷ್ಟಕ್ಕೆ ಬಿಡಲಿಲ್ಲ, ತಪ್ಪು ತನ್ನದು, ಮೂಲ ಬರೆದವನನ್ನು ಕೇಳದೆ, ನೇಯುವವರನ್ನು ಕೇಳದೆ ಬದಲಾಯಿಸಿದೆ, ಇನ್ನು ಮುಂದೆ ಹೀಗಾಗದು ಎಂದು ಪುಟಗಟ್ಟಲೆ ಇಂಗ್ಲಿಷಿನಲ್ಲಿ ಜಗತ್ತಿಗೆಲ್ಲ ಬರೆದರು. ಎಲ್ಲೆಲ್ಲಿಂದಲೋ ಜನ ಅವರ ಪ್ರಾಮಾಣಿಕತೆಯನ್ನು ಹೊಗಳಿದರು. ನಾನು ಗೋಡೆಯ ಹತ್ತಿರ ಹೋಗಿ ಹೇಳಿದೆ: “ಕಾಕಾ, ಈರಪ್ಪನ ಮನಿ ಮೂರು ಓಣಿ ಆಚೆ ಐತಿ. ಹೋಗಿ ಒಂದು ಮಾತು ಹೇಳಿ ಬರ್ರಿ.”

“ಎಲ್ಲಾ ಬರದೀನಲ್ಲ.”

“ಅಂವ ಅದನ್ನ ಓದ್ತಾನೇನ್ರಿ?”

ಕಾಕಾ ಬೆರಳು ಕೆಳಗಿಳಿಸಿ ಒಳಗೆ ಹೋದರು. ಈರಪ್ಪನ ಮನೆಗೆ ಕೊನೆವರೆಗೂ ಹೋಗಲಿಲ್ಲ. ಕಾಣದ ಸಾವಿರ ಮಂದಿಯ ಮುಂದೆ ತಲೆ ತಗ್ಗಿಸಿ, ಕಣ್ಣೆದುರಿನ ಒಬ್ಬನ ಮುಂದೆ ತಗ್ಗಿಸಲಾರದ ಈ ದೊಡ್ಡತನ ನನಗೆ ಇಂದಿಗೂ ಹೇಸಿಗೆ ತರಿಸುತ್ತದೆ.

ಮುಂದೆ ಕಾಕಾನ ಎರಡೂ ಮೂತ್ರಪಿಂಡಗಳು ಕೆಟ್ಟವು. ಡಯಾಲಿಸಿಸ್‌ಗೆಂದು ಜಮಖಂಡಿಗೆ ಹೋಗಿ ಬರತೊಡಗಿದರು. ಕೆಲಸ ಬಿಟ್ಟರು, ಕಾಕಂಬಿಯ ವಾಸನೆ ಹೋಗಿ ಆಸ್ಪತ್ರೆಯ ವಾಸನೆ ಬಂತು. ಪ್ಯಾಕೇಜುಗಳನ್ನೂ ಬಿಡುತ್ತೇನೆ ಎಂದರು. ಕೈಲಾಗದವರು ಹೆಸರು ಹಿಡಿದುಕೊಂಡು ಕೂರುವುದನ್ನು ಅವರು ಎಲ್ಲಕ್ಕಿಂತ ಹೆಚ್ಚು ಹೀನಾಯವಾಗಿ ಕಾಣುತ್ತಿದ್ದರು. ಉಳಿದ ಪ್ಯಾಕೇಜುಗಳಿಗೆ ಬೇರೆ ದೇಶಗಳವರು ಸಿಕ್ಕರು. ನಮ್ಮ ಮಗ್ಗದ ಪ್ರೋಗ್ರಾಮು ಯಾರಿಗೂ ಬೇಡವಾಗಿತ್ತು. ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ಹತ್ತಿರದಲ್ಲಿತ್ತು; ಅಷ್ಟರೊಳಗೆ ಹೊಣೆ ಹೊರುವವರು ಸಿಗದಿದ್ದರೆ ಪ್ರೋಗ್ರಾಮನ್ನು ತೆಗೆದುಹಾಕುವುದೆಂದು ತೀರ್ಮಾನವಾಗಿತ್ತು.

“ನಾ ನೋಡಿಕೊಳ್ತೇನ್ರಿ,” ಎಂದೆ. ಅದರ ಒಳಹೊರಗು ಬಲ್ಲವಳು ಆಗ ನಾನೊಬ್ಬಳೇ ಇದ್ದೆ.

ಆದರೆ ಆ ಸ್ವಯಂಸೇವಕರ ಸಂಪ್ರದಾಯವೊಂದಿದೆ. ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಮಾಡಿಕೊಂಡ ಒಂದು ಡಿಜಿಟಲ್ ಸಹಿ ಇರಬೇಕು. ಅದು ಇಂಥವರದೇ ಎಂದು ಮೊದಲೇ ಒಳಗಿರುವ ಒಬ್ಬರು ತಮ್ಮ ಸಹಿ ಕೂಡಿಸಿ ಸಾಕ್ಷಿ ಹೇಳಬೇಕು. ಅದೂ ಫೋನಿನಲ್ಲಲ್ಲ, ಎದುರಾಬದುರು ಕೂತು, ಸರ್ಕಾರದ ಗುರುತಿನ ಚೀಟಿ ನೋಡಿ. ಆ ಸಾಕ್ಷಿ ಇಲ್ಲದವರು ಕಳಿಸಿದ್ದನ್ನು ಯಂತ್ರ ಮೂಸಿ ಕೂಡ ನೋಡುವುದಿಲ್ಲ. ನಾನು ನನ್ನ ಹೆಸರು, ಅಪ್ಪನ ಅಡ್ಡಹೆಸರು ಹಾಕಿ ಸಹಿ ಮಾಡಿಕೊಂಡೆ. ಗೋಡೆ ಸುತ್ತಿ ಕಾಕಾನ ಮನೆಗೆ ಹೋದೆ.

“ಕಾರ್ಡ ತೋರಸು,” ಎಂದರು.

“ಕಾಕಾ, ನನ್ನ ಹೆಸರಿಟ್ಟ ದಿನ ನೀವು ಪೇಢೆ ತಿಂದೀರಿ.”

“ತಿಂದ ಪೇಢೆ ಪುರಾವೆ ಅಲ್ಲ. ಕಾರ್ಡ ತೋರಸು.”

ತೋರಿಸಿದೆ. ಕಾರ್ಡಿನಲ್ಲಿ ಇನ್ನೂ ಮುಧೋಳದವನ ಅಡ್ಡಹೆಸರಿತ್ತು. ಮದುವೆಯಾದ ತಿಂಗಳಲ್ಲೇ ಗಂಡನ ಮನೆಯವರು ಬದಲಿಸಿದ್ದರು. ವಿಚ್ಛೇದನವಾಗಿ ವರ್ಷಗಳಾದರೂ ನಾನು ತಿರುಗಿ ಬದಲಿಸಿರಲಿಲ್ಲ. ಅದಕ್ಕೆ ಮುಧೋಳದ ಕೋರ್ಟಿನಿಂದ ತೀರ್ಪಿನ ನಕಲು ತರಬೇಕಿತ್ತು. ಆ ಊರಿಗೆ ಇನ್ನು ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಕಾರ್ಡನ್ನು ಪರ್ಸಿನೊಳಗೆ ಬೋರಲು ಹಾಕಿಟ್ಟುಕೊಂಡು ದಿನ ನೂಕಿದ್ದೆ.

ಕಾಕಾ ಬೆರಳೆತ್ತಿದರು. “ಕಾರ್ಡಿನಾಗ ಒಂದು ಹೆಸರು, ಸಹಿಯೊಳಗ ಒಂದು ಹೆಸರು. ನಡಿಯೂದಿಲ್ಲ.”

“ಖರೆ ಯಾವುದು ಅಂತ ನಿಮಗ ಗೊತ್ತಿಲ್ಲೇನ್ರಿ? ನಾ ಮುಧೋಳದಿಂದ ಟ್ರಂಕು ಹೊತಗೊಂಡು ಬಂದಾಗ ಬಸ್‌ಸ್ಟ್ಯಾಂಡಿನಿಂದ ಸ್ಕೂಟರ್ ಮ್ಯಾಲೆ ಕರಕೊಂಡು ಬಂದಾವ್ರ ನೀವು.”

“ಹೌದು, ನಾನ ಕರಕೊಂಡು ಬಂದೆ. ಆದ್ರ ನಾಳೆ ಜಪಾನಿನಾಂವ ನನ್ನ ಸಹಿ ನೋಡಿ ನಿನ್ನ ನಂಬಬೇಕು. ಅಂವ ನಮ್ಮ ಸ್ಕೂಟರ್ ಹತ್ತಿಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. “ಕಾರ್ಡಿನಾಗಿನ ಹೆಸರಲೆ ಸಹಿ ಮಾಡ್ಕೊಂಡು ಬಾ, ಈಗಿಂದೀಗ ಸಾಕ್ಷಿ ಹಾಕ್ತೀನಿ.”

“ಆ ಹೆಸರು ಹೊತ್ತು ನನ್ನ ಕೆಲಸ ಹೊರಗ ಹೋಗೂದು ಬ್ಯಾಡ್ರಿ ನನಗ.”

“ಹಂಗಾದ್ರ ಕಾರ್ಡ ಬದಲಿ ಮಾಡಸು.”

ಮನೆಗೆ ಬಂದು ಅವರಿಗೆ ಕೇಳಿಸುವಂತೆ ಪಾತ್ರೆ ಕುಕ್ಕಿದೆ. ಸಾವಿನ ಬಾಗಿಲಲ್ಲಿ ನಿಂತೂ ಕಾಯಿದೆ ಮಾತಾಡುವ ಮುದುಕ! ಒಂದು ಗುಂಡಿ ಒತ್ತಿದರೆ ಓಣಿಯ ಡಿಸೈನುಗಳೆಲ್ಲ ಉಳಿಯುತ್ತಿದ್ದವು. ಬೇರೆ ಯಾರನ್ನಾದರೂ ಕೇಳೋಣವೆಂದರೆ ನಮ್ಮ ಸೀಮೆಯಲ್ಲಿ ಅಂಥ ಸಹಿ ಇದ್ದವರು ಅವರೊಬ್ಬರೇ. ಎರಡು ದಿನ ಯೋಚಿಸಿದೆ. ಆ ಹೆಸರು ಹಾಕಿಕೊಳ್ಳಲು ಕೈ ಬರಲಿಲ್ಲ. ಮೂರನೆಯ ದಿನ ಮುಧೋಳದ ಬಸ್ಸು ಹತ್ತಿದೆ.

ಮುಧೋಳದ ಆ ಗಂಡನ ಮನೆಯವರು ಬೇಟೆನಾಯಿ ಸಾಕುತ್ತಿದ್ದರು. ಪ್ರತಿ ನಾಯಿಗೂ ಅದರ ತಂದೆತಾಯಿಯ ಹೆಸರಿನ ಸರ್ಟಿಫಿಕೇಟು ಇತ್ತು, ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಸೊಸೆಯ ತಂದೆಯ ಹೆಸರನ್ನು ಮಾತ್ರ ಮೊದಲು ಅಳಿಸಿದರು. ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದಾಗ ನನಗೆ ಅದೇ ನೆನಪಾಗುತ್ತಿತ್ತು. ಗುಮಾಸ್ತ ಹೊರಗೆ ಬಂದು ಆ ಹಳೆಯ ಹೆಸರನ್ನು ಇಡೀ ಕಟ್ಟೆಗೆ ಕೇಳುವಂತೆ ಕೂಗಿದ. ಎದ್ದು ಹೋದೆ. “ಮತ್ತ ಈಗ ಏನಂತ ಕರೀಬೇಕ್ರಿ ನಿಮಗ?” ಎಂದ. ನಾನು ಅಪ್ಪನ ಅಡ್ಡಹೆಸರು ಹೇಳಿದೆ. ಕೇಳಲಿಲ್ಲ ಎಂದ. ಇನ್ನೊಮ್ಮೆ, ಅವನಿಗಿಂತ ಜೋರಾಗಿ ಹೇಳಿದೆ. ಅಲ್ಲಿ ಕೂತ ನಾಲ್ಕಾರು ಮಂದಿ ತಿರುಗಿ ನೋಡಿದರು, ನೋಡಲಿ ಎಂದು ನಿಂತೆ.

ನಕಲು ಸಿಕ್ಕಿ, ಅದನ್ನು ಕೊಟ್ಟು, ಕಾರ್ಡು ಬದಲಾಗಿ ಬರುವಷ್ಟರಲ್ಲಿ ಕಾಕಾನ ಮುಖ ಬಾತಿತ್ತು. ಕಾಲು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಪ್ರೋಗ್ರಾಮು ಏನಾಯಿತೆಂದು ಅತ್ತಲಿನವರು ಕೇಳಿದಾಗೆಲ್ಲ ‘ಹಸ್ತಾಂತರ ನಡೆದಿದೆ, ಕಾಗದಪತ್ರ ಬರಬೇಕು’ ಎಂದು ಉತ್ತರ ಕೊಟ್ಟು ಅವರನ್ನು ತಡೆದು ಹಿಡಿದಿದ್ದರು.

ಹೊಸ ಕಾರ್ಡು ಕೊಟ್ಟೆ. ಹೊರಸಿನ ಮೇಲೆ ಎದ್ದು ಕೂತರು. ನನ್ನನ್ನು ಬಾಗಿಲ ಬೆಳಕಿಗೆ ಸರಿದು ನಿಲ್ಲು ಎಂದರು. ಫೋಟೋ ನೋಡಿದರು, ನನ್ನನ್ನು ನೋಡಿದರು. “ಫೋಟೋದಾಗ ಮೂಗು ಸಣ್ಣದು ಅದ,” ಎಂದರು. ಆಮೇಲೆ ನನ್ನ ಡಿಜಿಟಲ್ ಸಹಿಯ ಉದ್ದನೆಯ ಅಂಕಿ-ಅಕ್ಷರಗಳನ್ನು ಗಟ್ಟಿಯಾಗಿ ಓದಿಸಿದರು. ಒಂದೊಂದನ್ನು ಓದಿದಂತೆ ಆ ಬೆರಳು ಪರದೆಯ ಮೇಲೆ ಮುಂದೆ ಸರಿಯುತ್ತಿತ್ತು. ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಗುಂಡಿ ಒತ್ತಿದರು.

“ಆತು. ಈಗ ನೀ ಯಾರು ಅಂತ ಗೊತ್ತಾತು.”

“ಹುಟ್ಟಿದಾಗಿಂದ ನೋಡಿ ಈಗ ಗೊತ್ತಾತಂತ!” ಎಂದು ಕಾಕು ಒಳಗಿನಿಂದ ಅಂದರು. ಕಾಕಾ ಆಗಲೇ ಗೋಡೆಯ ಕಡೆ ಹೊರಳಿ ಮಲಗಿದ್ದರು.

ಕಾಕಾ ಇದನ್ನು ಬೇಕೆಂದೇ, ನನ್ನ ಒಳ್ಳೆಯದಕ್ಕೇ ಮಾಡಿದರು ಎಂದು ಕಾಕು ನಂಬಿದ್ದಾರೆ. ಓಣಿಯ ಮಂದಿಯೂ ಹಾಗೇ ಹೇಳುತ್ತಾರೆ. ಅದೆಲ್ಲ ಸುಳ್ಳು. ನಾನು ಅವರನ್ನು ಬಲ್ಲೆ. ಹೆತ್ತ ತಾಯಿ ಬಂದಿದ್ದರೂ ಕಾರ್ಡು ಕೇಳುತ್ತಿದ್ದರು. ಅವರು ಸಣ್ಣ ಮನಸ್ಸಿನ, ನಿಯಮದ ಹುಳ. ಆದರೆ ನಾನು ಊರಿಗೆ ಬಂದ ಮೇಲೆ ಎಷ್ಟೋ ಮಂದಿ ನನ್ನ ಕೈ ಹಿಡಿದು ಕಣ್ಣೀರು ಹಾಕಿದರು, ಹೊಸ ಸೀರೆ ಉಡಿಸಿದರು, ಇನ್ನೊಂದು ಸಂಬಂಧ ನೋಡುತ್ತೇನೆ ಎಂದರು. ಅವರಲ್ಲಿ ಒಬ್ಬರೂ ನಿನ್ನ ಹೆಸರೇನು ಎಂದು ಕೇಳಿರಲಿಲ್ಲ. ಕೇಳಿದ್ದು ಈ ನಿಯಮದ ಹುಳ. ಅಷ್ಟು ಮಂದಿಯ ಕನಿಕರ ಮಾಡದ್ದನ್ನು ಒಬ್ಬನ ಕಿರಿಕಿರಿ ಮಾಡಿತು. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತದೆ, ಆದರೂ ಒಪ್ಪುತ್ತೇನೆ.

ಪ್ರೋಗ್ರಾಮು ನನ್ನ ಹೆಸರಿಗೆ ಬಂದು ಉಳಿಯಿತು. ಮುಂದಿನ ಹಂಗಾಮಿನಲ್ಲಿ ಕಾಕಾ ಜಮಖಂಡಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತೂ ನಿಂತೂ ಅವರನ್ನು ತಂದ ಗಾಡಿ ಬನಹಟ್ಟಿಗೆ ಬಂತು. ಕಾರ್ಖಾನೆಯ ಸಾಹೇಬರೊಬ್ಬರು ಹಾರ ಹಾಕಿ, ಎಲ್ಲರೊಂದಿಗೆ ನಗುನಗುತ್ತ ಬೆರೆಯುತ್ತಿದ್ದ ಜೀವ ಎಂದರು. ಯಾರ ಹೆಣದ ಮುಂದೆ ನಿಂತಿದ್ದಾರೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಈರಪ್ಪನೂ ಬಂದಿದ್ದ.

“ಶಾಲು ಉಲ್ಟಾ ಮಾಡಿದಾವ್ರು ಇವರ ಏನವಾ?” ಎಂದು ಮೆಲ್ಲಗೆ ಕೇಳಿದ.

“ಹೂಂ.”

“ಒಮ್ಮೆ ಬಂದು ಹೇಳಿದ್ರ ಆಗ್ತಿತ್ತು,” ಎಂದು ಕಾಲ ಬಳಿ ಹೂ ಇಟ್ಟು ಹೋದ.

ಆ ಸ್ವಯಂಸೇವಕರಲ್ಲಿ ಇನ್ನೊಂದು ನಿಯಮವಿದೆ. ಸದಸ್ಯರು ತೀರಿಕೊಂಡರೆ ಯಾರಾದರೂ ತಿಳಿಸಬೇಕು. ಅವರ ಸಹಿಯನ್ನು ಬೇರೆಯವರು ದುರುಪಯೋಗ ಮಾಡದಂತೆ ಮುಚ್ಚಬೇಕು. ದಿನಕರ್ಮಗಳು ಮುಗಿದ ಮೇಲೆ ಕಾಕು ಗೋಡೆಯ ಹತ್ತಿರ ಬಂದು ನಿಂತರು. “ನೀನ ಬರದು ಕಳಸವಾ,” ಎಂದರು. ಈ ಸಲ ಅವರು ನಗಲಿಲ್ಲ.

ಬರೆಯಲು ಕೂತೆ. ಕೈ ಅಭ್ಯಾಸದಂತೆ ಕಾಕಾನ ಮೂರು ಪ್ರಶ್ನೆಗಳನ್ನೇ ಹಾಕಿಕೊಂಡಿತು. ಏನಾಯಿತು ಎಂಬುದನ್ನು ಬರೆದೆ. ಏನಾಗಬೇಕಿತ್ತು ಎಂಬಲ್ಲಿ ಬಂದು ನಿಂತೆ. ಇನ್ನೂ ಕೆಲವು ಹಂಗಾಮು ಗೋಡೆಯಾಚೆ ಕೂತು ನನ್ನನ್ನು ಬಯ್ಯಬೇಕಿತ್ತು ಎಂದು ಬರೆದು, ವಿವರ ಸಾಲದು ಎಂದು ಅವರೇ ವಾಪಸು ಕಳಿಸಿಯಾರು ಅನ್ನಿಸಿ ಅಳಿಸಿದೆ. ಅಳು ಬಂತು. ಅಷ್ಟು ಬಯ್ದವರಿಗಾಗಿ ಅತ್ತಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಕಳಿಸಿದ ಸ್ವಲ್ಪ ಹೊತ್ತಿಗೆ ಯಾವುದೋ ದೇಶದ ಸ್ವಯಂಸೇವಕನೊಬ್ಬ ಕೇಳಿದ: ಇದಕ್ಕೆ ಪುರಾವೆ ಏನು, ಹೇಳುತ್ತಿರುವವರು ಯಾರು? ಕಾಕಾನ ಮಂದಿಯೇ, ಸಂಶಯವಿಲ್ಲ. ನಾನು ಉತ್ತರ ಬರೆಯುವ ಮೊದಲೇ ಇನ್ನೊಬ್ಬಾಕೆ ಬರೆದಳು: ಪತ್ರದ ಕೆಳಗಿನ ಸಹಿ ನೋಡು, ಅದಕ್ಕೆ ಸಾಕ್ಷಿ ಹಾಕಿದವರು ತೀರಿಕೊಂಡವರೇ. ಮತ್ತೆ ಯಾರೂ ಏನೂ ಕೇಳಲಿಲ್ಲ. ನಾನು ಯಾರೆಂದು ಕಾಕಾ ಬರೆದುಕೊಟ್ಟಿದ್ದರು. ಆ ಒಂದು ಸಹಿಯ ಮೇಲೆ, ಕಾಕಾ ಇನ್ನಿಲ್ಲ ಎಂದು ನಾನು ಬರೆದದ್ದನ್ನು ಅವರೆಲ್ಲ ನಂಬಿದರು.